ಹಾರುವ ತುತ್ತು

"ತಟ್ಟೆ ತುಂಬ ಹುಳ ಇಟ್ಟಿದೀನಿ, ಒಂದು ಹಕ್ಕಿಯಾದ್ರೂ ಇಳಿದು ಬರುತ್ತಾ ನೋಡು!" ಜನೀನ್ ರೇಗಿದಳು.

ಮೇ ತಿಂಗಳಾದರೂ ಅಮೆರಿಕದ ಈರಿ ಸರೋವರದ ಗಾಳಿ ಮೈ ಕೊರೆಯುತ್ತಿತ್ತು. ಆ ಚಳಿಗೆ ಹೊರಗೆ ಒಂದು ನೊಣವೂ ಹಾರುತ್ತಿರಲಿಲ್ಲ. ಗೂಡಿಗೆಂದು ಹಿತ್ತಲ ಕಂಬಕ್ಕೆ ತೂಗುಹಾಕಿದ ಸೋರೆಬುರುಡೆಗಳಲ್ಲಿ ಮಾರ್ಟಿನ್ ಹಕ್ಕಿಗಳು ಮೊನ್ನೆಯಿಂದ ಉಪವಾಸ ಮುದುಡಿ ಕೂತಿದ್ದವು. ಅವನ್ನು ಇಷ್ಟು ವರ್ಷ ಸಾಕಿದ ಡೆಲ್ಮರ್ ಗಾಲಿಕುರ್ಚಿಯಲ್ಲಿ ಚಡಪಡಿಸುತ್ತಿದ್ದ. ಪಾರ್ಶ್ವವಾಯು ಬಡಿದ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ತಟ್ಟೇಲಿಟ್ರೆ ತಿನ್ನಲ್ಲ ಕಣೇ."

"ಯಾಕಪ್ಪಾ ತಿನ್ನಲ್ಲ? ಇನ್ಸೆಕ್ಟಿವೋರ್, ಹುಳಬಾಕ ತಾನೇ ಇವು? ವೊರಾರೆ ಅಂದ್ರೆ ಗಬಗಬ ನುಂಗೋದು." ಮಗಳು ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುವವಳು.

"ಸರಿ, ಹುಳ ಅಂದ್ರೆ?"

"ಇನ್ಸೆಕ್ಟಮ್. ಕತ್ತರಿಸಿದ್ದು ಅಂತ. ಮೈಯೆಲ್ಲ ಕಚ್ಚು ಹಾಕಿದ ಹಾಗಿರುತ್ತಲ್ಲ, ಅದಕ್ಕೆ."

"ಅದು ನಿನ್ನ ಪುಸ್ತಕದ್ದು. ಇವಕ್ಕೆ ಹುಳ ಅಂದ್ರೆ ಹಾರೋದು. ಕೆಳಗೆ ಬಿದ್ದಿರೋದು ಕಸ. ಎಸಿ ಮೇಲಕ್ಕೆ!"

ಜನೀನ್ ಚಮಚದಲ್ಲಿ ಸತ್ತ ಚಿಮ್ಮಂಡೆ ಹುಳವೊಂದನ್ನು ತೆಗೆದು ಎಸೆದಳು. ಅದು ಹುಲ್ಲಿಗೆ ಬಿತ್ತು. ಇನ್ನೊಂದೂ ಅಷ್ಟೇ.

"ಥೂ, ಕೋಳಿಗೆ ಕಾಳು ಹಾಕ್ತಿದೀಯಾ? ಕೊಡು ಇಲ್ಲಿ!"

ಎಡಗೈಯಲ್ಲಿ ಚಮಚ ಕಿತ್ತುಕೊಂಡ. ಹುಳ ಅವನ ಮಡಿಲಿಗೇ ಚೆಲ್ಲಿತು. "ದರಿದ್ರ ಕೈ," ಎನ್ನುವಾಗ ಕಣ್ಣು ತುಂಬಿತ್ತು. ಜನೀನ್ ಹತ್ತಿರ ಬಂದರೆ, "ಹೋಗಾಚೆ," ಎಂದು ಗದರಿದ. ಮತ್ತೆ ಎಸೆದ. ಮತ್ತೆ ಬಿತ್ತು. ಎಷ್ಟು ಸಲವೋ. ಕೊನೆಗೊಂದು ಹುಳ ಸೊಟ್ಟಗೆ ಹಾರಿ ಅವನ ತಲೆಯ ಮೇಲಿಂದ ಹಿಂದಕ್ಕೆ ಹೋಯಿತು. ಬುರುಡೆಯೊಂದರಿಂದ ಹಕ್ಕಿ ಧುಮುಕಿ ಅದನ್ನು ಗಾಳಿಯಲ್ಲೇ ಕಚ್ಚಿಕೊಂಡಿತು.

"ತಿಂತು! ಅಪ್ಪಾ, ತಿಂತು!" ಜನೀನ್ ಕುಣಿದಳು.

ಅದನ್ನು ಕಂಡು ಉಳಿದವೂ ಒಂದೊಂದಾಗಿ ಹೊರಟವು. ಡೆಲ್ಮರ್ ಎಸೆದ, ಅವು ಕಚ್ಚಿದವು. ಹೊಟ್ಟೆ ತುಂಬಿದ ಮೇಲೆ ತಂತಮ್ಮ ಬುರುಡೆಗೆ ಮರಳಿದವು.

ತುದಿಯ ಬುರುಡೆಯಿಂದ ಮಾತ್ರ ಯಾವುದೂ ಇಳಿದಿರಲಿಲ್ಲ; ಒಳಗೆ ಸದ್ದೂ ಇರಲಿಲ್ಲ. ಜನೀನ್ ಅತ್ತ ನೋಡಿ ಮುಖ ತಿರುಗಿಸಿದಳು.

"ಸಾಕಪ್ಪಾ. ಒಳಗೆ ಹೋಗೋಣ."

"ಚಮಚಕ್ಕೆ ಹುಳ ಹಾಕು."

ಅವಳು ಹಾಕಿದಳು. ಆ ಬುರುಡೆಯ ಬಾಯಿಯ ಮುಂದೆ ಹುಳಗಳು ಒಂದರ ಹಿಂದೊಂದು ಹಾರಿ, ಹುಲ್ಲಿನ ಮೇಲೆ ಬೀಳುತ್ತಲೇ ಇದ್ದವು.