ಹಸಿ ಕೌದಿ

ಬಟ್ಟೆಗಳು ಮಾತು ಹಿಡಿದಿಟ್ಟುಕೊಳ್ಳತೊಡಗಿದ ಮೇಲೆ, ಜಗಳವಾದ ಮರುದಿನ ಪರದೆ ಒಗೆಯುವುದು ನಮ್ಮ ಓಣಿಯ ರೂಢಿ. ಒಗೆದರೆ ಹಳೆ ಮಾತು ಹೋಗುತ್ತದೆ; ಆದರೆ ಒದ್ದೆ ಬಟ್ಟೆ ಮೊದಲು ಕೇಳಿದ ಮಾತನ್ನೇ ಮುಂದಿನ ಒಗೆತದವರೆಗೂ ಪಿಸುಗುಟ್ಟುತ್ತಿರುತ್ತದೆ. ಹಾಗಾಗಿ ಒಗೆಯುವವರು ಬಾಯಿ ಬಿಡುವುದಿಲ್ಲ. ಓಣಿಗೆ ನೆಮ್ಮದಿ ಆಗ ಮಾತ್ರ.

ತುಂಗವ್ವನ ಸೊಸೆ ತೀರಿಕೊಂಡು ಸೂತಕ ಕಳೆಯುವ ದಿನ ಮನೆಯ ಬಟ್ಟೆಯೆಲ್ಲ ಒಗೆಯುವ ಕಲ್ಲಿಗೆ ಬಿತ್ತು. ಉಳಿದದ್ದು ಎರಡು ವರ್ಷದ ಮೊಮ್ಮಗಳು ಸುಮೇಧಾ ಮನೆ ತುಂಬ ಎಳೆದಾಡುವ ಪುಟ್ಟ ಕೌದಿ ಒಂದೇ. ಅದರೊಳಗೆ ಅವಳ ಅವ್ವ ಇನ್ನೂ ಜೋ ಜೋ ಅನ್ನುತ್ತಿದ್ದಳು. ಅದನ್ನು ಕಿವಿಗೆ ಒತ್ತಿಕೊಳ್ಳದೆ ಕೂಸು ಮಲಗುತ್ತಿರಲಿಲ್ಲ.

"ಯವ್ವಾ, ಅದೊಂದು ಬಿಡ," ಅಂದ ಮಗ ಮಾರುತಿ.

"ಬಿಟ್ರ ಆಕಿ ಹೆಂಗ ಹೋಗ್ತಾಳೋ? ಇಲ್ಲೇ ಜೋಗುಳ ಹಾಡಕೋತ ಕುಂದರ್ಬೇಕೇನು?"

"ಕುಂತ್ರ ಏನಾತು?"

ಮಧ್ಯಾಹ್ನ ಕೂಸು ಮಲಗಿದಾಗ ತುಂಗವ್ವ ಮೆಲ್ಲಗೆ ಕೌದಿ ಎಳೆದುಕೊಂಡು ಹೋಗಿ ಒಗೆದಳು. ಜೀವಮಾನವೆಲ್ಲ ತುಟಿ ಬಿಚ್ಚದೆ ಬಟ್ಟೆ ಒಗೆದವಳು, ಇದನ್ನು ಹಿಂಡುವಾಗ ತಡೆಯಲಾಗದೆ, "ಹೋಗ ನನ್ನವ್ವಾ, ಹೊತ್ತಾತು, ಹೋಗಿನ್ನ," ಅಂದುಬಿಟ್ಟಳು.

ಮತ್ತೆ ನೀರಿಗೆ ಅದ್ದಬೇಕು ಅನ್ನುವಷ್ಟರಲ್ಲಿ ಕೂಸು ಎದ್ದು ಬಂದು ಕಸಿದುಕೊಂಡಿತು. ನೀರು ಸೋರುತ್ತಿದ್ದ ಕೌದಿಯನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕೇಳಿತು. ಅಳಲಿಲ್ಲ.

"ಆಯೀ, ಹೋಗಂತ," ಎಂದು ಅಜ್ಜಿಗೆ ಹೇಳಿ, ಹೊಸ್ತಿಲ ಮೇಲೆ ಕೂತು, ಚಪ್ಪಲಿ ಹಾಕಿಕೊಳ್ಳತೊಡಗಿತು. ಎಡಗಾಲಿನದು ಬಲಗಾಲಿಗೆ.