ತೂಕಡಿಕೆ ಇಲ್ಲ

"ನೀನೇ ತಾನೆ ಬರೆದದ್ದು?" ದೂರಿನ ಪ್ರತಿಯನ್ನು ಅಕ್ಕನ ಊಟದ ಮೇಜಿನ ಮೇಲೆ ಬಡಿದು ತಂಗಿ ಕೇಳಿದಳು.

ಅಕ್ಕ ಹಾಳೆ ಮುಟ್ಟಲಿಲ್ಲ. ಜೊತೆಗೆ ಬಂದಿದ್ದ ತಂಗಿಯ ಗಂಡ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ. ಅವನು ಬಸ್ ಚಾಲಕ. ಧೂಳು ಕಂಡರೆ ಸೀನುವವನು. ಬೆನ್ನು ನೋವೆಂದು ಒಂದೂವರೆ ತಿಂಗಳಿಂದ ಡಿಪೋದೊಳಗಿನ ಕೆಲಸ ಹಾಕಿಸಿಕೊಂಡಿದ್ದ.

ಅಕ್ಕತಂಗಿ ಇಬ್ಬರೂ ಒಂದೇ ಔಷಧ ಕಂಪನಿಯವರು. ಹೊಸ ಮಾತ್ರೆಯನ್ನು ರೋಗಿಗಳ ಮೇಲೆ ಹೇಗೆ ಪರೀಕ್ಷಿಸಬೇಕೆಂದು ಯೋಜನೆ ಹಾಕುವುದು ಅಕ್ಕನ ಕೆಲಸ. ಅದು ಅಂಗಡಿಗೆ ಬಂದಾಗ ಜಾಹೀರಾತು ಬರೆಯುವುದು ತಂಗಿಯದು. ಸೀನು ನಿಲ್ಲಿಸುವ ಈ ಮಾತ್ರೆಗೆ ತಂಗಿ ಬರೆದದ್ದು ಎರಡೇ ಪದ: 'ತೂಕಡಿಕೆ ಇಲ್ಲ.' ಮಾತ್ರೆ ಬಿಸಿ ದೋಸೆಯಂತೆ ಎನ್ನುವುದೇಕೆ, ಅದಕ್ಕಿಂತ ಬೇಗ ಖರ್ಚಾಯಿತು.

ಜಾಹೀರಾತು ಬರೆಯುವಾಗಲೇ ಅಕ್ಕ ತಡೆಯಲು ನೋಡಿದ್ದಳು. "ಪೆಟ್ಟಿಗೆಯೊಳಗಿನ ಚೀಟೀಲಿ ಇಲ್ಲದ ಮಾತು ಜಾಹೀರಾತಲ್ಲಿ ಬರೋ ಹಾಗಿಲ್ಲ. ಪರೀಕ್ಷೇಲಿ ಕೇಳದೇ ಇದ್ದದ್ದು ಚೀಟೀಲೂ ಬರೋ ಹಾಗಿಲ್ಲ. ತೂಕಡಿಕೆ ಬರುತ್ತಾ ಅಂತ ನಾವು ಒಬ್ಬ ರೋಗಿಯನ್ನೂ ಕೇಳಿಲ್ಲ ಕಣೇ."

"ಯಾಕೆ ಕೇಳಲಿಲ್ಲ?"

"ಯೋಜನೇಲಿ ಆ ಪ್ರಶ್ನೆ ಹಾಕಿದ್ದೆ. ಆರು ತಿಂಗಳು ತಡ ಆಗುತ್ತೆ ಅಂತ ಮೇಲಿನವರು ಹೊಡೆದುಹಾಕಿದ್ರು."

"ಕೇಳಿಲ್ಲ ಅಂದ್ಮೇಲೆ, ಬರುತ್ತೆ ಅಂತ ಹೇಳೋರೂ ಇಲ್ಲವಲ್ಲ!" ತಂಗಿ ನಕ್ಕಿದ್ದಳು.

ಈಗ ಯಾರೋ ಕೊಟ್ಟ ದೂರಿನ ಮೇಲೆ ಔಷಧ ನಿಯಂತ್ರಣ ಕಚೇರಿ ಆ ಜಾಹೀರಾತನ್ನು ಕೀಳಿಸಿತ್ತು. ಅದಕ್ಕೆ ಒಪ್ಪಿಗೆ ಕೊಟ್ಟ ಮೇಲಿನವರು ಕೈ ತೊಳೆದುಕೊಂಡು, ತಂಗಿಯನ್ನು ಕೆಲಸದಿಂದ ತೆಗೆದಿದ್ದರು. ದೂರಿನಲ್ಲಿ ಬರೆದವರ ಹೆಸರನ್ನು ಮರೆಮಾಡಲಾಗಿತ್ತು.

"ನೋಡು, 'ಚೀಟಿಯಲ್ಲಿ ಇಂಥ ಮಾತೇ ಇಲ್ಲ' ಅಂತ ಬರೆದಿದೆ. ಆ ಇರುವೆ ಸಾಲಿನಂಥ ಅಕ್ಷರಾನ ಕೂತು ಓದೋರು ನಿನ್ನ ಬಿಟ್ರೆ ಇನ್ಯಾರಿದಾರೆ?" ತಂಗಿ ಹಾಳೆಯ ಮೇಲೆ ಬೆರಳು ಕುಟ್ಟಿದಳು. "ಒಂದೇ ತಟ್ಟೇಲಿ ಉಂಡವರು ನಾವು. ಬೆನ್ನಿಗೆ ಚೂರಿ ಹಾಕೋಕೆ ಹೇಗೆ ಮನಸ್ಸು ಬಂತಕ್ಕಾ?"

ಅಕ್ಕ ಹಾಳೆಯನ್ನು ತಂಗಿಯತ್ತ ಸರಿಸಿದಳು.

"ಬರೀಬೇಕಿತ್ತು," ಎಂದಳು. "ಎರಡು ಸಲ ಬರೆಯೋಕೆ ಕೂತೆ. ನಿನ್ನ ಕೆಲಸ ಹೋಗುತ್ತೆ ಅಂತ ಹರಿದುಹಾಕಿದೆ. ನಾನು ದ್ರೋಹ ಮಾಡಿದ್ದು ಮಾತ್ರೆ ನುಂಗಿದವರಿಗೆ, ನಿನಗಲ್ಲ."

"ಸುಳ್ಳು!" ತಂಗಿ ಗಂಡನತ್ತ ತಿರುಗಿದಳು. "ನೀವಾದ್ರೂ ಹೇಳ್ರೀ. ಇವಳು ಮಾಡಿದ್ದು ಸರಿಯಾ?"

ಅವನು ಹೆಂಡತಿಯ ಮುಖ ನೋಡಲಿಲ್ಲ.

"ಅವರಲ್ಲ, ನಾನು," ಎಂದ. "ನೀನು ಕೈಯಾರೆ ಕೊಟ್ಟ ಮಾತ್ರೆ ನುಂಗಿ, ನಲವತ್ತು ಮಕ್ಕಳಿದ್ದ ಬಸ್ಸಲ್ಲಿ ಸ್ಟೀರಿಂಗ್ ಹಿಡಿದೇ ನಿದ್ದೆ ಹೋಗಿದ್ದೆ ಕಣೇ."