ಜಡೆ ಹೆಣೆದ ಕಣಗಿಲೆ

"ಇದು ವಿಷದ ಗಿಡ ಕಣಮ್ಮ," ಎಂದ ನರ್ಸರಿಯವನು. "ಎಲೆ, ಹೂವು, ತೊಗಟೆ, ಎಲ್ಲಾ ವಿಷ. ಮನೇಲಿ ಮಕ್ಕಳಿದ್ರೆ ಕಣಗಿಲೆ ಬೇಡ."

"ಮಕ್ಕಳಿಲ್ಲ." ಅವಳು ಕಣಗಿಲೆಯ ಸಸಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಪಕ್ಕದಲ್ಲಿದ್ದ ಗಂಡ ನಕ್ಕ. "ನನಗೊಬ್ಬನಿಗೆ ಸಾಕಾಗುತ್ತೆ ಬಿಡಿ."

ನರ್ಸರಿಯವನೂ ನಕ್ಕ. ಅವಳು ನಗಲಿಲ್ಲ. ಗಂಡನ ನಗು ಮನೆ ತಲುಪುವಷ್ಟರಲ್ಲಿ ಏಟಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಈ ಬಡಾವಣೆಗೆ ಬಂದ ಮೇಲೆ ಅವಳು ಗೇಟು ದಾಟಿದ್ದು ಇದೇ ಮೊದಲು. ಅವಳ ಅಕ್ಕ ಬಸ್ ಕಂಡಕ್ಟರ್, ತಿಂಗಳಿಗೊಂದು ರೂಟು. ಫೋನಿನಲ್ಲಿ ಅಕ್ಕನ ಹತ್ತಿರ ಅತ್ತುಕೊಂಡಳೆಂದು ಗಂಡ ಫೋನು ಒಡೆದು, ಯಾರಿಗೂ ಹೇಳದೆ ಊರಿನ ಇನ್ನೊಂದು ತುದಿಗೆ ಮನೆ ಬದಲಿಸಿದ್ದ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ. ಬೋಳು ಅಂಗಳ ನೋಡಿ ನೆರೆಯವರು ಆಡಿಕೊಂಡರೆಂದು ಇವತ್ತು ಗಿಡ ಆರಿಸಲು ಕರೆತಂದಿದ್ದ. ಮೇಲೆ ಥಳಕು, ಒಳಗೆ ಹುಳುಕು. ಅವನ ಸಂಸಾರವೇ ಹಾಗೆ.

"ಎಲ್ಲಾ ಗಿಡವೂ ಮೆರೆದ್ರೆ ಅಂಗಳ ಸಂತೆ ಆಗುತ್ತೆ," ಎಂದ ನರ್ಸರಿಯವನು. "ಮೆರೆಯೋದು ಒಂದೇ ಇರಲಿ, ಗೇಟಿನ ಪಕ್ಕ. ಬೀದೀಲಿ ಹೋಗೋರ ಕಣ್ಣು ಸೀದಾ ಅಲ್ಲಿಗೇ ಹೋಗಬೇಕು. ಈ ಕ್ರೋಟನ್ ತಗೊಳ್ಳಿ."

"ಕಣಗಿಲೆನೇ ಕೊಡಿ. ಕೆಂಪು ಒಂದು, ಬಿಳಿ ಒಂದು."

ಮನೆಗೆ ಬಂದು ಗೇಟಿನ ಪಕ್ಕ ಎರಡನ್ನೂ ಒಂದೇ ಗುಂಡಿಯಲ್ಲಿ ನೆಟ್ಟಳು. ಎಳೆ ಕಾಂಡಗಳನ್ನು ಒಂದಕ್ಕೊಂದು ಸುತ್ತಿ ಜಡೆಯಂತೆ ಹೆಣೆದಳು. "ಹುಚ್ಚು," ಎಂದ ಗಂಡ. ಅವಳ ತವರಿಗೆ ಎಷ್ಟು ಸಲ ಹೋಗಿದ್ದರೂ ಅವನು ಅಲ್ಲಿನ ಗಿಡ ಮರ ನೋಡಿದವನಲ್ಲ.

ಅಂದಿನಿಂದ ಟೀ ಲೋಟ ಮುಂದಿಟ್ಟರೆ, "ಮೊದಲು ನೀನು ಕುಡಿ," ಎನ್ನುತ್ತಿದ್ದ. ಕುಡಿಯುತ್ತಿದ್ದಳು. ಅವನು ಅವಳ ಗಂಟಲನ್ನೇ ನೋಡುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಮೊಗ್ಗು ಬಂದ ಮೇಲೆ ಅವಳ ಭಯ ಇಮ್ಮಡಿಯಾಯಿತು. ದಿನವಿಡೀ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಬೀದಿಯಲ್ಲಿ ಬಸ್ಸು ಹಾದಾಗಲೆಲ್ಲ ಗಾಜು ಅದುರುತ್ತಿತ್ತು, ಅವಳೂ ಅದುರುತ್ತಿದ್ದಳು.

"ಏನೋ ಮಸಲತ್ತು ಮಾಡ್ತಿದ್ದೀಯ," ಎಂದ ಅವನು ಒಂದು ಸಂಜೆ. "ಬೆಳಿಗ್ಗೆ ಅದನ್ನ ಕಿತ್ತು ಹಾಕ್ತೀನಿ."

"ಹೂ ಬಿಡೋವರೆಗಾದರೂ ಇರಲಿ," ಎಂದಳು. "ಆಮೇಲೆ ಏನು ಬೇಕಾದ್ರೂ ಮಾಡಿ."

ಬೆಳಗಾಗುವಾಗ ಒಂದೇ ಜಡೆಯಲ್ಲಿ ಕೆಂಪೂ ಬಿಳಿಯೂ ಅರಳಿದ್ದವು. ಅವನು ಟೀ ಮುಟ್ಟಲಿಲ್ಲ. ಕಿತ್ತದ್ದನ್ನು ಆಚೆ ಬಿಸಾಡಲೆಂದು ಗೇಟಿನ ಬೀಗ ತೆಗೆದು, ಗುದ್ದಲಿ ಎತ್ತಿದ.

ಆಗ ಸೀಟಿ ಕೇಳಿಸಿತು. ಸ್ಟಾಪೇ ಇಲ್ಲದ ಕಡೆ ಬಸ್ಸು ಗಕ್ಕನೆ ನಿಂತಿತು. ಜನರೆಲ್ಲ ದಡದಡನೆ ಇಳಿದರು. ಎಲ್ಲರಿಗಿಂತ ಮುಂದೆ ಓಡಿಬಂದ ಕಂಡಕ್ಟರು ಆ ಹೂವುಗಳನ್ನೇ ನೋಡುತ್ತ ಕೂಗಿದಳು:

"ಇದು ನಮ್ಮನೆ ಅಂಗಳದಲ್ಲಿ ಅಮ್ಮ ನಮ್ಮಿಬ್ಬರ ಹೆಸರಲ್ಲಿ ಹೆಣೆದಿದ್ದಂಥದೇ ಜಡೆ! ತಂಗೀ, ಒಳಗಿದ್ದೀಯೇನೇ?"